ನಡೆದರೆ ಬೊಜ್ಜು ಕರಗುವುದೇ?

ಬೆಳಗಿನ ಆರು ಗಂಟೆಗೆ ಬೆಂಗಳೂರಿನ ಲಾಲ್‌ಬಾಗಿಗೋ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಗೋ ಹೋಗಿ ನೋಡಿ. ಕ್ಯಾನ್‌ವಾಸ್ ಬೂಟು ತೊಟ್ಟವರು, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡವರು, ಕೈ ಬೀಸುತ್ತ ಬಿರಬಿರನೆ ಸಾಗುವವರು ಗುಂಪು ಗುಂಪಾಗಿ ಸಿಗುತ್ತಾರೆ. ಇವರಲ್ಲಿ ಹಲವರನ್ನು ಅಲ್ಲಿಗೆ ಕರೆತಂದದ್ದು ಹೊಟ್ಟೆಯ ಬೊಜ್ಜಿನ ಚಿಂತೆ. ಒಂದು ತಿಂಗಳು, ಎರಡು ತಿಂಗಳು ತಪ್ಪದೆ ನಡೆಯುತ್ತಾರೆ. ತೂಕದ ಯಂತ್ರದ ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ಮೂರನೆಯ ತಿಂಗಳಿಗೆ ಬೂಟುಗಳು ಮಂಚದ ಕೆಳಗೆ ಸೇರುತ್ತವೆ.

ನನ್ನ ಬಳಿಗೆ ಬರುತ್ತಿದ್ದ 46 ವರ್ಷದ ಬ್ಯಾಂಕ್ ಉದ್ಯೋಗಿಯೊಬ್ಬರ ಕಥೆಯೂ ಇದೇ. 76 ಕಿಲೊ ತೂಕವಿದ್ದ ಅವರು ಮೂರು ತಿಂಗಳು ದಿನವೂ ಮುಕ್ಕಾಲು ಗಂಟೆ ನಡೆದರು. ಇಳಿದದ್ದು ಒಂದೇ ಕಿಲೊ. 'ಇಷ್ಟು ನಡೆದು ಏನು ಪ್ರಯೋಜನ ಡಾಕ್ಟ್ರೇ?' ಎಂದು ನಡಿಗೆಯನ್ನೇ ಬಿಟ್ಟರು. ಅರ್ಧ ವರ್ಷದ ನಂತರ ಬಂದಾಗ ರಕ್ತದ ಸಕ್ಕರೆ ಗಡಿ ದಾಟಿತ್ತು. ಆಗ ಜೊತೆಗಿದ್ದ ಅವರ ಪತ್ನಿ ಒಂದು ಮಾತು ಹೇಳಿದರು: 'ನಡೆಯುತ್ತಿದ್ದಾಗ ಇವರ ಬೆಲ್ಟು ಒಂದು ತೂತು ಒಳಕ್ಕೆ ಬಂದಿತ್ತು. ಈಗ ಎರಡು ತೂತು ಹೊರಕ್ಕೆ ಹೋಗಿದೆ.'

ತೂಕದ ಯಂತ್ರ ಹೇಳದಿದ್ದ ಸತ್ಯವನ್ನು ಬೆಲ್ಟು ಹೇಳಿತ್ತು. ಆದರೆ ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ನಡಿಗೆ, ಓಟ, ಸೈಕಲ್, ಈಜು ಮುಂತಾದ ವ್ಯಾಯಾಮಗಳಿಂದ ಮೈಯ ಕೊಬ್ಬು ನಿಜವಾಗಿ ಕರಗುತ್ತದೆಯೇ? ಕರಗಿದರೆ ಎಷ್ಟು? ಈ ವಾರ ಇದನ್ನು ಸಮಾಧಾನದಿಂದ ಲೆಕ್ಕ ಹಾಕಿ ನೋಡೋಣ.

ಕೊಬ್ಬು ಕರಗುವ ಬಗೆ

ದೊಡ್ಡ ಸ್ನಾಯುಗಳು ಒಂದೇ ಲಯದಲ್ಲಿ ಬಹಳ ಹೊತ್ತು ಕೆಲಸ ಮಾಡುವ, ಉಸಿರಾಟ ಮತ್ತು ಹೃದಯ ಬಡಿತವನ್ನು ಹೆಚ್ಚಿಸುವ ವ್ಯಾಯಾಮಕ್ಕೆ ಏರೋಬಿಕ್ ವ್ಯಾಯಾಮವೆಂದು ಹೆಸರು. ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಬರೆದ ಪುಸ್ತಕದಿಂದ ಈ ಪದ ಮನೆಮಾತಾಯಿತು. ಜಿಮ್‌ಗಳಲ್ಲಿ ಇದನ್ನೇ ಕಾರ್ಡಿಯೊ ಎನ್ನುತ್ತಾರೆ.

ನೀವು ಬಿರುಸಾಗಿ ನಡೆಯತೊಡಗಿದಾಗ ಸ್ನಾಯುಗಳಿಗೆ ಇಂಧನ ಬೇಕಾಗುತ್ತದೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಗ್ಲೈಕೊಜೆನ್ ಎಂಬ ಸಕ್ಕರೆ ಒಂದು ಇಂಧನ, ಕೊಬ್ಬು ಇನ್ನೊಂದು. ಅಡ್ರಿನಲಿನ್‌ನಂಥ ಚೋದಕಗಳ ಅಪ್ಪಣೆಯಂತೆ ಕೊಬ್ಬಿನ ಕೋಶಗಳು ತಮ್ಮ ದಾಸ್ತಾನನ್ನು ಕೊಬ್ಬಿನಾಮ್ಲಗಳಾಗಿ ಒಡೆದು ರಕ್ತಕ್ಕೆ ಬಿಡುತ್ತವೆ. ಸ್ನಾಯುಗಳು ಅದನ್ನು ಆಮ್ಲಜನಕದ ಸಹಾಯದಿಂದ ಉರಿಸುತ್ತವೆ.

ಹಾಗೆ ಉರಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಬೆವರಾಗಿ ಹರಿದುಹೋಗುತ್ತದೆ ಎಂಬುದು ಹಲವರ ನಂಬಿಕೆ. ಆಸ್ಟ್ರೇಲಿಯದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಲೆಕ್ಕ ಕೊಟ್ಟರು. 10 ಕಿಲೊ ಕೊಬ್ಬು ಉರಿದರೆ ಅದರಲ್ಲಿ 8.4 ಕಿಲೊ ಇಂಗಾಲದ ಡೈ ಆಕ್ಸೈಡ್ ಆಗಿ ಉಸಿರಿನ ಮೂಲಕ ಹೊರಬೀಳುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಆದ್ದರಿಂದ ಬೆವರು ಬರಿಸುವ ಪ್ಲಾಸ್ಟಿಕ್ ಜಾಕೆಟ್ಟು, ಸೊಂಟಕ್ಕೆ ಬಿಗಿಯುವ ಪಟ್ಟಿಗಳಿಗೆ ದುಡ್ಡು ಸುರಿಯಬೇಡಿ. ಅವುಗಳಿಂದ ಕಡಿಮೆಯಾಗುವುದು ಮೈಯ ನೀರು. ಎರಡು ಲೋಟ ನೀರು ಕುಡಿದೊಡನೆ ಆ ತೂಕ ಮರಳಿ ಬರುತ್ತದೆ.

ಕೂಡಿ ಕಳೆಯುವ ಲೆಕ್ಕ

ಮೈಯ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಶಕ್ತಿ ಅಡಗಿದೆ. ನಮ್ಮ ಬ್ಯಾಂಕಿನ ಗೆಳೆಯರು ಗಂಟೆಗೆ ಐದು ಕಿಲೊಮೀಟರಿನಷ್ಟು ವೇಗದಲ್ಲಿ ಮುಕ್ಕಾಲು ಗಂಟೆ ನಡೆದರೆ, ಸುಮ್ಮನೆ ಕುಳಿತಿದ್ದಾಗ ಆಗುವ ಖರ್ಚಿಗಿಂತ ಹೆಚ್ಚಿಗೆ ಆಗುವುದು ಸುಮಾರು 150 ಕ್ಯಾಲರಿ. ತಿಂಗಳಿಗೆ 4,500. ಅಂದರೆ, ಬೇರೇನೂ ಬದಲಾಗದಿದ್ದರೆ ತಿಂಗಳಿಗೆ ಅರ್ಧ ಕಿಲೊಗಿಂತ ತುಸು ಹೆಚ್ಚು ಕೊಬ್ಬು ಕರಗಬೇಕು. ಮೂರು ತಿಂಗಳಿಗೆ ಒಂದೂ ಮುಕ್ಕಾಲು ಕಿಲೊ.

ಆದರೆ 'ಬೇರೇನೂ ಬದಲಾಗದಿದ್ದರೆ' ಎಂಬ ಮಾತಿನಲ್ಲೇ ಎಲ್ಲವೂ ಅಡಗಿದೆ. ನಡಿಗೆ ಮುಗಿದ ಮೇಲೆ ಗೆಳೆಯರೊಂದಿಗೆ ಹೋಟೆಲಿಗೆ ಹೋಗುವುದು ನಮ್ಮಲ್ಲಿ ಒಂದು ಸಂಪ್ರದಾಯ. ಒಂದು ಚಮಚ ಎಣ್ಣೆಯಲ್ಲಿ 45 ಕ್ಯಾಲರಿ, ಒಂದು ಚಮಚ ಸಕ್ಕರೆಯಲ್ಲಿ 20 ಕ್ಯಾಲರಿ ಇರುತ್ತದೆ. ಬೆಣ್ಣೆ, ಆಲೂಗೆಡ್ಡೆ ಪಲ್ಯ, ಚಟ್ನಿ ಸೇರಿದ ಹೋಟೆಲಿನ ಮಸಾಲೆ ದೋಸೆಯಲ್ಲಿ ಸಾಮಾನ್ಯವಾಗಿ 300 ಕ್ಯಾಲರಿಗಿಂತ ಹೆಚ್ಚು. ಎರಡು ಚಮಚ ಸಕ್ಕರೆ ಹಾಕಿದ ಕಾಫಿಗೆ ಮತ್ತೆ 100ರಷ್ಟು. ಮುಕ್ಕಾಲು ಗಂಟೆಯ ಶ್ರಮ ಹತ್ತು ನಿಮಿಷದಲ್ಲಿ ತೀರಿತು. ಮೇಲಿಷ್ಟು ಸಾಲವೂ ಆಯಿತು!

ಹಾಗೆಂದು ದೋಸೆಯನ್ನು ಶಪಿಸಬೇಕಿಲ್ಲ. ಮನೆಯಲ್ಲಿ ಹೇಗೂ ತಿನ್ನುವ ತಿಂಡಿಯ ಬದಲಿಗೆ ಅದನ್ನು ತಿಂದರೆ ಅದು ಒಂದು ಲೆಕ್ಕ. 'ನಡೆದಿದ್ದೇನಲ್ಲ' ಎಂಬ ಧೈರ್ಯದಿಂದ ಹೆಚ್ಚಿಗೆ ತಿಂದರೆ ಅದು ಬೇರೆಯೇ ಲೆಕ್ಕ.

ದೇಹವೂ ಲೆಕ್ಕ ಇಡುತ್ತದೆ

ತಿನ್ನುವುದನ್ನು ಹೆಚ್ಚಿಸದಿದ್ದರೂ ಎಷ್ಟೋ ಜನರ ತೂಕ ಲೆಕ್ಕದಂತೆ ಇಳಿಯುವುದಿಲ್ಲ. ಇದಕ್ಕೂ ಕಾರಣವಿದೆ. ಬೆಳಿಗ್ಗೆ ಚೆನ್ನಾಗಿ ನಡೆದವರು ತಮಗೇ ಅರಿವಿಲ್ಲದೆ ಉಳಿದ ದಿನ ಕಡಿಮೆ ಓಡಾಡುತ್ತಾರೆ. ಮಹಡಿ ಹತ್ತುವ ಬದಲು ಲಿಫ್ಟ್ ಹಿಡಿಯುತ್ತಾರೆ, ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಾರೆ. ಇದರ ಜೊತೆಗೆ ದೇಹವೂ ಒಳಗಿನ ಕೆಲವು ಖರ್ಚುಗಳನ್ನು ಬಿಗಿ ಮಾಡಿಕೊಳ್ಳುತ್ತದೆ.

ತಾಂಜಾನಿಯದಲ್ಲಿ ಇಂದಿಗೂ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುವ ಹಡ್ಜಾ ಎಂಬ ಜನರಿದ್ದಾರೆ. ಅವರ ಗಂಡಸರು ದಿನಕ್ಕೆ ಸುಮಾರು 11 ಕಿಲೊಮೀಟರು, ಹೆಂಗಸರು ಸುಮಾರು 6 ಕಿಲೊಮೀಟರು ನಡೆಯುತ್ತಾರೆ. ಅಮೆರಿಕದ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಇವರ ದಿನದ ಶಕ್ತಿಯ ವೆಚ್ಚವನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಮೈಗಾತ್ರದ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಆ ವೆಚ್ಚ ಪಾಶ್ಚಾತ್ಯ ನಗರವಾಸಿಗಳಿಗಿಂತ ಹೆಚ್ಚೇನೂ ಇರಲಿಲ್ಲ! ವ್ಯಾಯಾಮದಿಂದ ಖರ್ಚಾದದ್ದರಲ್ಲಿ ಒಂದಷ್ಟನ್ನು ದೇಹ ಬೇರೆಡೆ ಉಳಿಸಿ ಸರಿತೂಗಿಸಿಕೊಳ್ಳುತ್ತದೆ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದು ಸಿಕ್ಕಿದ್ದು ನಮ್ಮ ದೇಶದಲ್ಲೇ. ಪೌಷ್ಟಿಕಾಂಶ ತಜ್ಞ ಜೀನ್ ಮೇಯರ್ 1956ರಲ್ಲಿ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯ ಕೆಲಸಗಾರರ ಆಹಾರ ಮತ್ತು ತೂಕದ ಅಧ್ಯಯನವನ್ನು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದರು. ಮೈಮುರಿದು ದುಡಿಯುವವರು ತಮ್ಮ ಕೆಲಸಕ್ಕೆ ತಕ್ಕಷ್ಟು ಉಂಡು ತೆಳ್ಳಗಿದ್ದರು. ಆದರೆ ಇಡೀ ದಿನ ಕುಳಿತೇ ಇರುವವರ ಹಸಿವು ಕೆಲಸದ ಜೊತೆಗೆ ಇಳಿದಿರಲಿಲ್ಲ. ಅವರು ಹೆಚ್ಚಿಗೇ ಉಣ್ಣುತ್ತಿದ್ದರು, ತೂಕವೂ ಹೆಚ್ಚಿತ್ತು. ಒಂದಿಷ್ಟು ಚಟುವಟಿಕೆಯಿದ್ದರೆ ಹಸಿವು ಅಂಕೆಯಲ್ಲಿರುತ್ತದೆ, ಪೂರ್ತಿ ಕುಳಿತರೆ ಅಂಕೆ ತಪ್ಪುತ್ತದೆ ಎಂಬುದು ಇದರ ತಾತ್ಪರ್ಯ.

ಪರೀಕ್ಷೆಗಳು ಹೇಳುವುದೇನು?

ಹಾಗಾದರೆ ವ್ಯಾಯಾಮದಿಂದ ಕೊಬ್ಬು ಕರಗುವುದೇ ಇಲ್ಲವೇ? ಖಂಡಿತ ಕರಗುತ್ತದೆ. ಎಷ್ಟು ಎಂಬುದು ಪ್ರಮಾಣವನ್ನು ಅವಲಂಬಿಸಿದೆ.

ಅಮೆರಿಕದ ಜೋಸೆಫ್ ಡೊನೆಲ್ಲಿ ಮತ್ತು ತಂಡದವರು ತೂಕ ಹೆಚ್ಚಿದ್ದ ಯುವಕ ಯುವತಿಯರಿಗೆ ವಾರಕ್ಕೆ ಐದು ದಿನ, ದಿನಕ್ಕೆ ಮುಕ್ಕಾಲು ಗಂಟೆಯಂತೆ 16 ತಿಂಗಳು ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಿದರು. ಆಹಾರಕ್ಕೆ ಯಾವ ನಿರ್ಬಂಧವೂ ಇರಲಿಲ್ಲ. 2003ರಲ್ಲಿ ಬಂದ ಫಲಿತಾಂಶದಂತೆ ಗಂಡಸರು ಸರಾಸರಿ 5.2 ಕಿಲೊ ಇಳಿದರು. ಹೆಂಗಸರ ತೂಕ ಇದ್ದಲ್ಲೇ ಇತ್ತು. ಆದರೆ ವ್ಯಾಯಾಮ ಮಾಡದ ಹೆಂಗಸರ ತೂಕ ಅದೇ ಅವಧಿಯಲ್ಲಿ 2.9 ಕಿಲೊ ಏರಿತ್ತು. ಇಲ್ಲಿ ಗಮನಿಸಿ: ಏರಬೇಕಾಗಿದ್ದ ತೂಕ ಏರದಿರುವುದೂ ಒಂದು ಲಾಭವೇ. ಆದರೆ ಅದು ತೂಕದ ಯಂತ್ರದಲ್ಲಿ ಕಾಣುವುದಿಲ್ಲ.

ಅದೇ ತಂಡದ 2013ರ ಪರೀಕ್ಷೆಯಲ್ಲಿ ಪ್ರತಿ ಸಲ 400 ಕ್ಯಾಲರಿ ಖರ್ಚು ಮಾಡಿದವರು 10 ತಿಂಗಳಲ್ಲಿ ಸರಾಸರಿ 3.9 ಕಿಲೊ, 600 ಕ್ಯಾಲರಿ ಖರ್ಚು ಮಾಡಿದವರು 5.2 ಕಿಲೊ ಇಳಿದರು. ಕೆನಡಾದ ರಾಬರ್ಟ್ ರಾಸ್ ಅವರ 2000ದ ಅಧ್ಯಯನದಲ್ಲಿ ದಿನವೂ 700 ಕ್ಯಾಲರಿಯನ್ನು ವ್ಯಾಯಾಮದಿಂದಲೇ ಕಳೆದು, ಆಹಾರವನ್ನು ಹೆಚ್ಚಿಸದೆ ಇದ್ದ ಸ್ಥೂಲಕಾಯದ ಗಂಡಸರು ಮೂರು ತಿಂಗಳಲ್ಲಿ 7.5 ಕಿಲೊ ಇಳಿದರು. ಅಷ್ಟೇ ತೂಕವನ್ನು ಬರೀ ಪಥ್ಯದಿಂದ ಇಳಿಸಿದವರಿಗಿಂತ ಇವರ ಮೈಯ ಕೊಬ್ಬು 1.3 ಕಿಲೊ ಹೆಚ್ಚಿಗೆ ಕರಗಿತ್ತು. ಪಥ್ಯ ಮಾತ್ರ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಸ್ವಲ್ಪ ನಷ್ಟವಾಗುತ್ತದೆ. ವ್ಯಾಯಾಮ ಅದನ್ನು ತಡೆಯುತ್ತದೆ.

ಆದರೆ ದಿನಕ್ಕೆ 700 ಕ್ಯಾಲರಿಯ ವ್ಯಾಯಾಮ ಎಂದರೆ ಸಾಮಾನ್ಯ ಸಂಸಾರಸ್ಥನ ಕೈಲಾಗುವ ಮಾತೇ? ಅಡುಗೆ, ಮಕ್ಕಳ ಶಾಲೆ, ಬಸ್ಸು, ಕಚೇರಿ ಇವುಗಳ ನಡುವೆ ಸಿಗುವ ಅರ್ಧ ಮುಕ್ಕಾಲು ಗಂಟೆಯಿಂದ ಮಾತ್ರವೇ ಹತ್ತು ಕಿಲೊ ಇಳಿಸುತ್ತೇನೆ ಎಂದುಕೊಂಡರೆ ನಿರಾಸೆ ಖಚಿತ.

ಕಣ್ಣಿಗೆ ಕಾಣದ ಕೊಬ್ಬು

ಕೊಬ್ಬಿನಲ್ಲಿ ಎರಡು ಬಗೆ. ಚರ್ಮದ ಕೆಳಗೆ ಚಿವುಟಲು ಸಿಗುವುದು ಒಂದು. ಹೊಟ್ಟೆಯೊಳಗೆ ಯಕೃತ್ತು, ಕರುಳುಗಳ ಸುತ್ತ ಶೇಖರವಾಗುವುದು ಇನ್ನೊಂದು. ಮಧುಮೇಹ, ರಕ್ತದ ಏರೊತ್ತಡ, ಹೃದಯಾಘಾತಗಳಿಗೆ ಹೆಚ್ಚು ಹತ್ತಿರದ ನೆಂಟಸ್ತಿಕೆ ಇರುವುದು ಈ ಒಳಗೊಬ್ಬಿಗೆ.

ಭಾರತೀಯರಿಗೆ ಈ ವಿಷಯದಲ್ಲಿ ಅದೃಷ್ಟ ಕಡಿಮೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತ ಒಂದು ಚಿತ್ರ ಪ್ರಕಟವಾಯಿತು. ಒಬ್ಬರು ಪುಣೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಡಾ. ಯಡ್ಕಿನ್. ಇಬ್ಬರಿಗೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೇ, 22.3. ಆದರೆ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2! ನೋಡಲು ಸಪೂರವಾಗಿದ್ದರೂ ಒಳಗೆ ಕೊಬ್ಬು ತುಂಬಿಕೊಂಡಿರುವುದು ನಮ್ಮ ಮೈಕಟ್ಟಿನ ಗುಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ವಯಸ್ಕರಲ್ಲಿ ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜು, ಶೇ 11.4 ಮಂದಿಗೆ ಮಧುಮೇಹ ಇರುವುದು ಕಂಡುಬಂತು.

ಏರೋಬಿಕ್ ವ್ಯಾಯಾಮದ ನಿಜವಾದ ಬೆಲೆ ಗೊತ್ತಾಗುವುದು ಇಲ್ಲೇ. ರಾಬರ್ಟ್ ರಾಸ್ ಅವರ ಅಧ್ಯಯನದಲ್ಲೇ ಇನ್ನೊಂದು ಗುಂಪು ವ್ಯಾಯಾಮ ಮಾಡುತ್ತ, ಕಳೆದಷ್ಟನ್ನೂ ಊಟದಲ್ಲಿ ತುಂಬಿಕೊಂಡು ತೂಕವನ್ನು ಇದ್ದಂತೆಯೇ ಇಟ್ಟುಕೊಂಡಿತ್ತು. ಅವರಲ್ಲೂ ಹೊಟ್ಟೆಯೊಳಗಿನ ಕೊಬ್ಬು ಇಳಿದಿತ್ತು. ಚೆನ್ನೈನ ಡಾ. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು ಮಧುಮೇಹದ ಹೊಸ್ತಿಲಲ್ಲಿದ್ದ ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಹಾಗೂ ಆಹಾರದ ಹಿಡಿತದಿಂದ ಮಧುಮೇಹಕ್ಕೆ ಜಾರುವ ಸಂಭವ ಶೇ 28.5ರಷ್ಟು ತಗ್ಗಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಿರಲಿಲ್ಲ ಎಂಬುದನ್ನು ಮರೆಯಬೇಡಿ.

ನಮ್ಮ ಬ್ಯಾಂಕಿನ ಗೆಳೆಯರು ನಡಿಗೆ ಬಿಟ್ಟು ಕಳೆದುಕೊಂಡದ್ದು ಇದನ್ನೇ.

ಕೆಲವು ತಪ್ಪು ತಿಳಿವಳಿಕೆಗಳು

'ಹೊಟ್ಟೆ ಕರಗಲು ಹೊಟ್ಟೆಯ ವ್ಯಾಯಾಮವನ್ನೇ ಮಾಡಬೇಕು': ಇಲ್ಲ. ಯಾವ ಭಾಗದಿಂದ ಕೊಬ್ಬು ತೆಗೆಯಬೇಕೆಂದು ನಾವು ದೇಹಕ್ಕೆ ಅಪ್ಪಣೆ ಮಾಡಲಾಗದು. ಟೆನಿಸ್ ಆಟಗಾರರ ಬಲಗೈ ಎಡಗೈಗಳನ್ನು 1971ರಲ್ಲಿ ಅಳೆದು ನೋಡಿದಾಗ ಆಡುವ ಕೈಯ ಸ್ನಾಯು ದಪ್ಪಗಿತ್ತು, ಚರ್ಮದ ಕೆಳಗಿನ ಕೊಬ್ಬು ಮಾತ್ರ ಎರಡರಲ್ಲೂ ಒಂದೇ ಸಮನಾಗಿತ್ತು.

'ನಿಧಾನವಾಗಿ ನಡೆದರೇ ಕೊಬ್ಬು ಹೆಚ್ಚು ಉರಿಯುತ್ತದೆ': ಅರ್ಧ ಸತ್ಯ. ನಿಧಾನ ನಡಿಗೆಯಲ್ಲಿ ಬಳಕೆಯಾಗುವ ಇಂಧನದಲ್ಲಿ ಕೊಬ್ಬಿನ ಪಾಲು ಹೆಚ್ಚು ನಿಜ; ಆದರೆ ಒಟ್ಟು ಖರ್ಚೇ ಕಡಿಮೆ. ಇಡೀ ದಿನದ ಜಮಾಖರ್ಚು ಮುಖ್ಯ.

'ಜೋರಾಗಿ ಓಡಿ, ನಿಂತು, ಮತ್ತೆ ಓಡುವ ಹೊಸ ಪದ್ಧತಿಯೇ ಶ್ರೇಷ್ಠ': ಅದರಿಂದ ಸಮಯ ಉಳಿಯುತ್ತದೆ. ಕೊಬ್ಬು ಕರಗುವ ಪ್ರಮಾಣ ಮಾತ್ರ ಎರಡು ಪದ್ಧತಿಗಳಲ್ಲೂ ಹೆಚ್ಚು ಕಡಿಮೆ ಒಂದೇ. ನಲವತ್ತು ದಾಟಿದವರು, ಅಭ್ಯಾಸವಿಲ್ಲದವರು ಏಕಾಏಕಿ ಇದಕ್ಕೆ ಕೈ ಹಾಕಬಾರದು.

'ಮನೆಕೆಲಸವೇ ಸಾಕಷ್ಟಿದೆ, ನನಗೆ ಬೇರೆ ವ್ಯಾಯಾಮ ಬೇಡ': ಗುಡಿಸುವುದು, ಸಾರಿಸುವುದು, ಬಟ್ಟೆ ಒಗೆಯುವುದು ಒಳ್ಳೆಯ ಶ್ರಮವೇ, ಲೆಕ್ಕಕ್ಕೂ ಬರುತ್ತದೆ. ಆದರೆ ಮಿಕ್ಸಿ, ವಾಷಿಂಗ್ ಮೆಷಿನ್ ಬಂದ ಮೇಲೆ ದಿನದಲ್ಲಿ ಏದುಸಿರು ಬರುವ ಕೆಲಸ ಎಷ್ಟು ಹೊತ್ತು ಮಾಡುತ್ತೀರಿ ಎಂದು ನೀವೇ ಕೇಳಿಕೊಳ್ಳಿ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ನಡಿಗೆಯನ್ನು ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಬಿರುಸಿನ ವ್ಯಾಯಾಮ ಬೇಕು. ನಡೆಯುವಾಗ ಪಕ್ಕದವರೊಡನೆ ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸಿದ್ದರೆ ಸಾಕು. ಒಂದೇ ಸಲ ಸಮಯ ಸಿಗದಿದ್ದರೆ ಊಟದ ನಂತರ ಹತ್ತು ಹದಿನೈದು ನಿಮಿಷದಂತೆ ಎರಡು ಮೂರು ಸಲ ನಡೆಯಿರಿ. ಊಟದ ನಂತರ ಏರುವ ಸಕ್ಕರೆಯೂ ಇದರಿಂದ ತಗ್ಗುತ್ತದೆ.

ಎರಡನೆಯದಾಗಿ, ತೂಕ ಇಳಿಯಬೇಕಿದ್ದರೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ. ನಾಲ್ವರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾಗುತ್ತಿದ್ದರೆ ತಲಾ ದಿನಕ್ಕೆ 33 ಮಿಲಿಲೀಟರ್, ಅಂದರೆ ಸುಮಾರು 270 ಕ್ಯಾಲರಿ. ಅದನ್ನು 3 ಲೀಟರಿಗೆ ಇಳಿಸಿದರೆ ಮನೆಯ ಪ್ರತಿಯೊಬ್ಬರಿಗೂ ದಿನಕ್ಕೆ 65ರಿಂದ 70 ಕ್ಯಾಲರಿ ಉಳಿತಾಯ. ಕಾಫಿ ಟೀಗಳಲ್ಲಿ ದಿನಕ್ಕೆ ಐದು ಚಮಚ ಸಕ್ಕರೆ ಬಿಟ್ಟರೆ 100. ಟಿ.ವಿ. ಮುಂದಿನ ಖಾರ ಮಿಶ್ರಣದ ಬಟ್ಟಲು ಬಿಟ್ಟರೆ ಇನ್ನೊಂದು 150. ಎಲ್ಲ ಸೇರಿ 300ರಷ್ಟಾಯಿತು. ಇದಕ್ಕೆ ನಡಿಗೆಯ 150 ಸೇರಿಸಿ. ಉಪವಾಸವಿಲ್ಲದೆ, ಅನ್ನ ಮುದ್ದೆಗಳನ್ನು ದ್ವೇಷಿಸದೆ, ತಿಂಗಳಿಗೆ ಒಂದು ಒಂದೂವರೆ ಕಿಲೊ ಇಳಿಯುವ ದಾರಿ ಇದು. ತೂಕ ಇಳಿದಂತೆ ದೇಹದ ಅಗತ್ಯವೂ ತಗ್ಗುವುದರಿಂದ ಮುಂದೆ ವೇಗ ನಿಧಾನವಾಗುತ್ತದೆ. ಗಾಬರಿಯಾಗಬೇಡಿ.

ಮೂರನೆಯದಾಗಿ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ದಂಡ ತೆಗೆಯುವುದು, ಬಸ್ಕಿ, ನೀರು ತುಂಬಿದ ಬಾಟಲಿ ಎತ್ತುವುದು ಇಷ್ಟರಿಂದಲೇ ಶುರು ಮಾಡಬಹುದು. ಡ್ಯೂಕ್ ವಿಶ್ವವಿದ್ಯಾಲಯದ 2012ರ ಪರೀಕ್ಷೆಯಲ್ಲಿ ಕೊಬ್ಬು ಇಳಿಸಲು ಭಾರ ಎತ್ತುವುದಕ್ಕಿಂತ ಏರೋಬಿಕ್ ವ್ಯಾಯಾಮವೇ ಮೇಲೆಂದು ಕಂಡಿತು, ಆದರೆ ಸ್ನಾಯು ಬೆಳೆದದ್ದು ಭಾರ ಎತ್ತಿದವರಲ್ಲಿ. ಎರಡೂ ಬೇಕು.

ನಾಲ್ಕನೆಯದಾಗಿ, ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಉಸಿರು ಬಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ಇಳಿದ ತೂಕವನ್ನು ಉಳಿಸಿಕೊಳ್ಳಲು ಮಾತ್ರ ವ್ಯಾಯಾಮ ಬೇಕೇ ಬೇಕು. ಅಮೆರಿಕದಲ್ಲಿ 1994ರಿಂದ, ಹದಿಮೂರು ಹದಿನಾಲ್ಕು ಕಿಲೊ ಇಳಿಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಸಿಕೊಂಡವರ ದಾಖಲೆ ಇಡಲಾಗಿದೆ. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುವವರು. ಹೆಚ್ಚಿನವರು ಆರಿಸಿಕೊಂಡದ್ದು ಬರೀ ನಡಿಗೆ.

ಸ್ವಲ್ಪ ಎಚ್ಚರಿಕೆ

ನಡೆಯುವಾಗ ಎದೆಯಲ್ಲಿ ನೋವು ಅಥವಾ ಬಿಗಿತ, ತಲೆಸುತ್ತು, ಮಿತಿಮೀರಿದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ, ವೈದ್ಯರನ್ನು ಕಾಣಿ. ಹೃದ್ರೋಗ, ಏರೊತ್ತಡ ಇರುವವರು, ಬಹಳ ವರ್ಷ ಕುಳಿತೇ ಕಾಲ ಕಳೆದವರು ಮೊದಲು ತಪಾಸಣೆ ಮಾಡಿಸಿಕೊಂಡು ಹತ್ತು ನಿಮಿಷದಿಂದ ಆರಂಭಿಸಲಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡಿರಲಿ, ಬರಿಗಾಲಲ್ಲಿ ನಡೆಯದಿರಲಿ. ಮಂಡಿನೋವಿನವರಿಗೆ ಸೈಕಲ್, ಈಜು ಹಿತ.

ನಮ್ಮ ಬ್ಯಾಂಕಿನ ಗೆಳೆಯರು ಈಗ ಮತ್ತೆ ನಡೆಯುತ್ತಿದ್ದಾರೆ, ಪತ್ನಿಯೂ ಜೊತೆಗೆ ಹೋಗುತ್ತಾರೆ. ಮಸಾಲೆ ದೋಸೆ ಭಾನುವಾರಕ್ಕೆ ಮಾತ್ರ. ಮೊನ್ನೆ ಬಂದಾಗ ತೂಕ ಎಷ್ಟಾಯಿತೆಂದು ಕೇಳಿದೆ. 'ಅದನ್ನು ಆಮೇಲೆ ನೋಡೋಣ ಡಾಕ್ಟ್ರೇ' ಎಂದು ನಕ್ಕು, ಬೆಲ್ಟಿನ ತೂತು ತೋರಿಸಿದರು.

ನೀವೂ ಇಂದು ಸಂಜೆಯೇ ಟೇಪು ಹುಡುಕಿಡಿ. ನಾಳೆ ಬೆಳಿಗ್ಗೆ ಮಂಚದ ಕೆಳಗಿನ ಬೂಟುಗಳ ಧೂಳು ಕೊಡವಿ.